"ಗೆಲ್ತೀವಾ ಸಾರ್?": ವಕೀಲರ ಮುಂದೆ ಕೂರುವ ಮುನ್ನ ಹತ್ತು ಸೂತ್ರಗಳು

ಹೊಲದ ಬದು, ಅಣ್ಣತಮ್ಮಂದಿರ ಪಾಲು, ವಾಪಸ್ ಬಾರದ ಕೈಸಾಲ, ಬೌನ್ಸ್ ಆದ ಚೆಕ್, ಬಾಡಿಗೆ ಮನೆಯ ಅಡ್ವಾನ್ಸ್. ಇಂಥ ಯಾವುದಾದರೊಂದು ತಕರಾರಿಗೆ ಪ್ರತಿ ಮನೆಯವರೂ ಒಂದಲ್ಲ ಒಂದು ದಿನ ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಕುರ್ಚಿಯಲ್ಲಿ ಕೂತವರು ಮೊದಲು ಕೇಳುವುದು, "ಕೇಸು ಗೆಲ್ತೀವಾ ಸಾರ್?" ಅನುಭವಸ್ಥ ವಕೀಲರು ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. "ಯಾವ ತಾರೀಕು? ಕಾಗದ ಎಲ್ಲಿದೆ?" ಎಂದು ತಿರುಗಿ ಕೇಳುತ್ತಾರೆ. ಜಾರಿಕೊಳ್ಳುತ್ತಿದ್ದಾರೆ ಎಂದು ಅನೇಕರು ಬೇಸರಪಡುತ್ತಾರೆ. ಆದರೆ ಮುಂದಿನ ದಾರಿ ತೀರ್ಮಾನವಾಗುವುದು ಆ ಎರಡು ಪ್ರಶ್ನೆಗಳ ಮೇಲೆಯೇ. ಅವುಗಳಿಗೆ ಉತ್ತರ ಸಿದ್ಧಮಾಡಿಕೊಂಡು ಹೋದವರ ಕೆಲಸ ಸುಲಭವಾಗುತ್ತದೆ.

1. ತಾರೀಕಿನ ಪಟ್ಟಿ ಬರೆದುಕೊಂಡು ಹೋಗಿ

ನ್ಯಾಯ ನಿಮ್ಮ ಕಡೆ ಇದ್ದರೂ ಕಾಲ ಮೀರಿದ್ದರೆ ಕೋರ್ಟು ಕೈಹಿಡಿಯುವುದು ಕಷ್ಟ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಸಾಲ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷ. ಹಕ್ಕಿನ ಆಧಾರದ ಮೇಲೆ ಆಸ್ತಿಯ ಸ್ವಾಧೀನ ಕೇಳಲು 12 ವರ್ಷ. ಗ್ರಾಹಕ ದೂರಿಗೆ 2 ವರ್ಷ. ರಸ್ತೆ ಅಪಘಾತದ ಪರಿಹಾರಕ್ಕೆ 2022ರ ಏಪ್ರಿಲ್ 1ರಿಂದ 6 ತಿಂಗಳ ಮಿತಿ ಬಂದಿದೆ. ಗಾಯಾಳು ಆಸ್ಪತ್ರೆಯಿಂದ ಬಂದು, ಚೇತರಿಸಿಕೊಂಡು, ಆಮೇಲೆ ನೋಡೋಣ ಎನ್ನುವಷ್ಟರಲ್ಲಿ ಆ 6 ತಿಂಗಳು ಕಳೆದಿರುತ್ತದೆ.

ಒಂದು ಹಾಳೆಯಲ್ಲಿ ಎಡಕ್ಕೆ ತಾರೀಕು, ಬಲಕ್ಕೆ ನಡೆದದ್ದು ಬರೆಯಿರಿ. ತಾತ ಜಮೀನು ಕೊಂಡ ವರ್ಷ, ತಂದೆ ತೀರಿಕೊಂಡ ದಿನ, ಅಗ್ರಿಮೆಂಟ್ ಆದ ದಿನ, ನೋಟಿಸ್ ಕೈಗೆ ಬಂದ ದಿನ. ಎರಡು ಗಂಟೆ ಮಾತಾಡಿದರೂ ಹೊರಬಾರದ ವಿಷಯ ಆ ಒಂದು ಹಾಳೆಯಲ್ಲಿ ಸಿಗುತ್ತದೆ. ಆಮೇಲೆ "ಗೆಲ್ತೀವಾ" ಬದಲು "ಯಾವ ತಾರೀಕಿನೊಳಗೆ ನಾನು ಏನು ಮಾಡಬೇಕು?" ಎಂದು ಕೇಳಿ.

2. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಚೀಟಿ ಜೋಪಾನ

"ನಾಳೆ ಹಾಕಿ, ನಾಡಿದ್ದು ಹಾಕಿ ಅಂತ ವರ್ಷ ತಳ್ಳಿದ ಸಾರ್, ಈಗ ಒಳಗೆ ಹಾಕಿಸಬೇಕು." ವಾರಕ್ಕೊಮ್ಮೆಯಾದರೂ ಕೇಳಿಬರುವ ಮಾತಿದು. ಸಮಸ್ಯೆ ಇರುವುದೇ ಆ "ವರ್ಷ"ದಲ್ಲಿ. ಚೆಕ್ಕಿನ ಆಯುಸ್ಸು ಅದರ ಮೇಲಿರುವ ತಾರೀಕಿನಿಂದ 3 ತಿಂಗಳು ಮಾತ್ರ. ಅಷ್ಟರೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಚೆಕ್ ವಾಪಸಾದಾಗ ಅದರ ಜೊತೆ ಬ್ಯಾಂಕ್ ಒಂದು ಸಣ್ಣ ಚೀಟಿ ಕೊಡುತ್ತದೆ. ವಾಪಸಾದ ಕಾರಣ, ತಾರೀಕು ಎರಡೂ ಅದರಲ್ಲಿರುತ್ತವೆ. ಚೆಕ್ಕನ್ನು ಬೀರುವಿನಲ್ಲಿಟ್ಟು ಈ ಚೀಟಿಯನ್ನು ಎಸೆದು ಬರುವವರಿದ್ದಾರೆ. ಲೆಕ್ಕ ಶುರುವಾಗುವುದೇ ಆ ಚೀಟಿಯಿಂದ: ಮಾಹಿತಿ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಎದುರು ಪಾರ್ಟಿಗೆ 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ನೆಗೋಶಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು.

ಚೆಕ್ ಕೊಡುವವರಿಗೂ ಒಂದು ಮಾತು. "ಸಹಿ ಮಾತ್ರ ನಂದು, ಮೊತ್ತ ಅವರೇ ಬರ್ಕೊಂಡ್ರು" ಎಂಬ ವಾದ ತಾನಾಗಿ ಬಿಡುಗಡೆ ಕೊಡಿಸುವುದಿಲ್ಲ. ಸಹಿ ಮಾಡಿ ಮನಸಾರೆ ಕೊಟ್ಟ ಖಾಲಿ ಚೆಕ್ಕಿಗೂ ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬ ಪೂರ್ವಗ್ರಹಿಕೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸುಳ್ಳೆಂದು ತೋರಿಸುವ ಭಾರ ಸಹಿ ಮಾಡಿದವರ ಮೇಲೆ. ಬಡ್ಡಿ ವ್ಯವಹಾರದವರಿಗೆ ಖಾಲಿ ಚೆಕ್, ಖಾಲಿ ಛಾಪಾ ಕಾಗದ ಯಾವ ಕಾರಣಕ್ಕೂ ಕೊಡಬೇಡಿ.

3. ಕೈಸಾಲಕ್ಕೂ ಕಾಗದ ಇರಲಿ

ನೆಂಟರ ಹತ್ತಿರ ಬರೆಸಿಕೊಳ್ಳುವುದು ಹೇಗೆ ಎಂಬ ಸಂಕೋಚ ಅರ್ಥವಾಗುತ್ತದೆ. ಕನಿಷ್ಠ ಹಣವನ್ನು ಬ್ಯಾಂಕ್ ಖಾತೆಯ ಮೂಲಕ ಕೊಡಿ. 3 ವರ್ಷ ಮುಗಿಯುವ ಮೊದಲೇ ಸಾಲಗಾರರು "ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಮಾಡಿಕೊಟ್ಟರೆ ಅಂದಿನಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಬಾಯಿಮಾತಿನ ಭರವಸೆಗೆ ಆ ಬಲವಿಲ್ಲ.

4. "ಮದುವೆ ಮಾಡಿಕೊಟ್ಟಿದ್ದೀವಲ್ಲ" ಎಂಬ ವಾದ ಬಿಡಿ

ತಾಲ್ಲೂಕು ಕೋರ್ಟುಗಳಲ್ಲಿ ಅಣ್ಣತಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ: "ತಂಗಿ ಮದುವೆಗೆ ಸಾಲ ಮಾಡಿ ಖರ್ಚು ಮಾಡಿದ್ದೀವಿ, ಒಡವೆ ಹಾಕಿದ್ದೀವಿ. ಅವಳಿಗೂ ಪಾಲು ಕೊಡಬೇಕಾ?" ವಕೀಲರ ಮರುಪ್ರಶ್ನೆ: "ಆಸ್ತಿ ಯಾರು ಸಂಪಾದಿಸಿದ್ದು? ಪಿತ್ರಾರ್ಜಿತವೋ ಸ್ವಯಾರ್ಜಿತವೋ?"

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ಮಗನಿಗಿರುವಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದಲೇ ಇದೆ. ಕರ್ನಾಟಕ ಈ ದಿಕ್ಕಿನಲ್ಲಿ 1994ರಲ್ಲೇ ಹೆಜ್ಜೆ ಇಟ್ಟಿತ್ತು. ಆದರೆ ಆ ತಿದ್ದುಪಡಿಗೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲ ಇನ್ನೂ ಹದಿನೈದು ವರ್ಷ ಎಳೆಯಿತು. ಬದುಕಿರಬೇಕಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರ, ಆಗಲೇ ಆಗಿಹೋದ ಮಾರಾಟ, ಇಂಥವನ್ನು ಕಾನೂನು ಕೆದಕುವುದಿಲ್ಲ.

ತಂದೆಯ ಸ್ವಂತ ಸಂಪಾದನೆಯ ಆಸ್ತಿಯ ಲೆಕ್ಕ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮುಸ್ಲಿಮರಿಗೆ, ಕ್ರೈಸ್ತರಿಗೆ ಉತ್ತರಾಧಿಕಾರದ ನಿಯಮಗಳು ಬೇರೆ ಇವೆ.

ಮದುವೆಯ ಖರ್ಚು ಪಾಲಿಗೆ ಬದಲಿಯಲ್ಲ. ತಂಗಿ ತನಗೆ ಪಾಲು ಬೇಡವೆಂದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಹೆಣ್ಣುಮಕ್ಕಳಿಗೆ ನನ್ನ ಕಳಕಳಿಯ ವಿನಂತಿ: ಹಬ್ಬಕ್ಕೆ ಕರೆದು, ಊಟ ಹಾಕಿ, "ಸುಮ್ನೆ ಒಂದು ಸಹಿ" ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದರೆ ಆ ಕಾಗದವನ್ನು ಪೂರ್ತಿ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ತವರಿನ ಮೇಲಿನ ಪ್ರೀತಿಯಿಂದ ಬಿಟ್ಟುಕೊಡುವುದು ನಿಮ್ಮಿಷ್ಟ. ತಿಳಿಯದೆ ಕಳೆದುಕೊಳ್ಳುವುದು ಅನ್ಯಾಯ.

5. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ

"ಪಹಣಿ ನನ್ನ ಹೆಸರಲ್ಲೇ ಇದೆ, ಖಾತೆ ಆಗಿದೆ, ಕಂದಾಯ ಕಟ್ಟುತ್ತಿದ್ದೇನೆ, ಇನ್ನೇನು ಬೇಕು?" ಇನ್ನೂ ಬೇಕು. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು ಎಂದಷ್ಟೇ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ಮ್ಯುಟೇಶನ್ ಆದದ್ದರಿಂದ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಒಡೆತನ ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಿಲ್, ವಾರಸಿಕೆಯಂಥ ಮೂಲದಿಂದ.

ಕೊಳ್ಳುವವರು ಮೂಲಪತ್ರಗಳ ಸರಣಿ, ಋಣಭಾರ ಪತ್ರ ಅಂದರೆ ಇಸಿ, ಮಾರುವವರ ವಂಶವೃಕ್ಷ ಮೂರನ್ನೂ ಒಟ್ಟಿಗಿಟ್ಟು ಓದಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ನೋಡಿ. ಜಿಪಿಎ ಅಂದರೆ ಅಧಿಕಾರಪತ್ರದ ಮೇಲೆ "ಕೊಂಡ" ಸೈಟು ನಿಮ್ಮದಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು 2011ರ ಸೂರಜ್ ಲ್ಯಾಂಪ್ ತೀರ್ಪು ಸ್ಪಷ್ಟಪಡಿಸಿದೆ. ಜಮೀನು ಸರ್ಕಾರ ಮಂಜೂರು ಮಾಡಿದ್ದಾದರೆ ಮಂಜೂರಾತಿ ಯಾರಿಗೆ ಆಗಿತ್ತು ಎಂದು ತಪ್ಪದೆ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಮೂಲ ಕುಟುಂಬಕ್ಕೆ ವಾಪಸಾಗಬಹುದು. ಭೂಮಿ ಕಳೆದುಕೊಂಡ ಕುಟುಂಬ ಎಷ್ಟೇ ವರ್ಷದ ನಂತರ ಅರ್ಜಿ ಹಾಕಬಹುದು ಎಂದು 2023ರ ತಿದ್ದುಪಡಿ ಹೇಳುತ್ತದೆ.

6. ಮಕ್ಕಳಿಗೆ ಬರೆದುಕೊಡುವಾಗ ಆ ಒಂದು ಸಾಲು ಬರೆಸಿ

ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳ ಕಟ್ಟು ಹಿಡಿದು ಬಂದ ಅಜ್ಜಿ ಬೆಂಚಿನ ಮೇಲೆ ಕೂರುತ್ತಾರೆ. "ಮಗನ ಹೆಸರಿಗೆ ಮನೆ ಬರೆದೆ. ಈಗ ಅಡುಗೆಮನೆಗೇ ಬೀಗ ಹಾಕ್ತಾರೆ. ವಾಪಸ್ ಬರುತ್ತಾ ಸ್ವಾಮಿ?" ವಕೀಲರು ದಾನಪತ್ರ ಬಿಡಿಸಿ ಒಂದೊಂದೇ ಪುಟ ತಿರುವುತ್ತಾರೆ. ಹುಡುಕುತ್ತಿರುವುದು ಒಂದು ಸಾಲನ್ನು: ದಾನ ಪಡೆದವರು ದಾನ ಕೊಟ್ಟವರ ಊಟ, ಔಷಧಿ, ಯೋಗಕ್ಷೇಮ ನೋಡಿಕೊಳ್ಳತಕ್ಕದ್ದು. "ಪ್ರೀತಿ ವಿಶ್ವಾಸದಿಂದ" ಎಂಬ ಮಾತು ಸಿಗುತ್ತದೆ, ಆ ಸಾಲು ಸಿಗುವುದಿಲ್ಲ.

ಹಿರಿಯ ನಾಗರಿಕರ 2007ರ ಕಾಯ್ದೆಯ ಕಲಂ 23ರ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ಹಿಂಪಡೆಯಬಹುದು. ಷರತ್ತು ಇದ್ದದ್ದನ್ನು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದು 2025ರ ಜನವರಿಯಲ್ಲಿ ಹೇಳಿತು. ಈ ಜಗ್ಗಾಟಕ್ಕೆ ಸಿಲುಕುವುದೇಕೆ? ಬರೆಯುವಾಗಲೇ ಆ ಸಾಲು ಸೇರಿಸಿ. ನನ್ನ ಅಭಿಪ್ರಾಯ ಕೇಳಿದರೆ ಬದುಕಿರುವಾಗ ದಾನಪತ್ರಕ್ಕಿಂತ ವಿಲ್ ಮೇಲು. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ಕೊನೆಯುಸಿರಿನವರೆಗೂ ಬದಲಾಯಿಸಬಹುದು. ಈಗಾಗಲೇ ಬರೆದುಕೊಟ್ಟು ನೋಯುತ್ತಿರುವವರು ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಜೀವನಾಂಶವನ್ನೂ ಅಲ್ಲೇ ಕೇಳಬಹುದು.

7. ಠಾಣೆಯಲ್ಲಿ ಬಾಯಿಮಾತು ಬೇಡ, ಬರೆದು ಕೊಡಿ

"ದೂರು ತಗೊಳ್ತಿಲ್ಲ ಸಾರ್, ನಮ್ಮ ಲಿಮಿಟ್ ಅಲ್ಲ ಅಂತಾರೆ." 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. "ಇದು ಸಿವಿಲ್ ಸ್ವರೂಪದ್ದು" ಎಂದು ಹಿಂಬರಹ ಕೊಟ್ಟರೆ ಅದನ್ನು ಹರಿದು ಹಾಕಬೇಡಿ, ಅದೂ ದಾಖಲೆಯೇ.

ಮನೆಯವರನ್ನು ಕರೆದೊಯ್ದರೆ ಬಂಧನದ ಕಾರಣ ಕೇಳುವುದು ನಿಮ್ಮ ಹಕ್ಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು.

8. ಸಮನ್ಸ್ ವಾಪಸ್ ಕಳಿಸಬೇಡಿ

"ತಗೊಳ್ಳದೇ ಇದ್ರೆ ಕೇಸೇ ನಡೆಯಲ್ಲ" ಎಂದು ಹಳ್ಳಿಕಟ್ಟೆಯಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ. ನೋಂದಾಯಿತ ಅಂಚೆಯನ್ನು ನಿರಾಕರಿಸಿದರೆ ತಲುಪಿದಂತೆಯೇ ಲೆಕ್ಕ. ನೀವಿಲ್ಲದೆಯೇ ಕೇಸು ನಡೆದು ಡಿಕ್ರಿ ಆಗಿಬಿಡುತ್ತದೆ. ಸಿವಿಲ್ ದಾವೆಯ ಸಮನ್ಸ್ ಕೈಸೇರಿದ ಮೇಲೆ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ. ಕಾರಣ ತೋರಿಸಿದರೆ 90 ದಿನದವರೆಗೆ ವಿಸ್ತರಣೆ. ಕೇಸು ಶುರುವಾದ ಮೇಲೆ ಸಿಎನ್ಆರ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ 16 ಅಕ್ಷರ ಹಾಕಿದರೆ ಮುಂದಿನ ವಾಯಿದೆ, ಹಿಂದಿನ ಆದೇಶ ಮೊಬೈಲಿನಲ್ಲೇ ಕಾಣುತ್ತವೆ.

9. ಗ್ರಾಹಕ ಆಯೋಗಕ್ಕೆ ನೀವೇ ಹೋಗಬಹುದು

ಕೆಟ್ಟ ಫ್ರಿಜ್, ತಿರಸ್ಕರಿಸಿದ ವಿಮೆ, ಕೊಡದ ಫ್ಲ್ಯಾಟ್ ಇಂಥವಕ್ಕೆ ವಕೀಲರು ಇರಲೇಬೇಕೆಂದಿಲ್ಲ. ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಬಿಲ್ಲು, ವಾರಂಟಿ ಕಾರ್ಡು, ವಾಟ್ಸ್ಆ್ಯಪ್ ಮಾತುಕತೆ ಅಳಿಸದೆ ಇಟ್ಟುಕೊಳ್ಳಿ. ಸಂದೇಶಗಳಿರುವ ಮೂಲ ಫೋನನ್ನು ಮಾರಬೇಡಿ.

10. ಫೀಸು ಮೊದಲೇ ಮಾತಾಡಿ, ಕೊಡಲಾಗದಿದ್ದರೆ ಉಚಿತ ನೆರವು ಕೇಳಿ

ಫೀಸು ಎಷ್ಟು, ಅದರಲ್ಲಿ ಕೋರ್ಟ್ ಶುಲ್ಕ ಸೇರಿದೆಯೇ, ಯಾವ ಹಂತದಲ್ಲಿ ಎಷ್ಟು ಎಂದು ಮೊದಲ ದಿನವೇ ಕೇಳುವುದು ಅಗೌರವವಲ್ಲ. ಒಳ್ಳೆಯ ವಕೀಲರು ಬೇಸರಪಡುವುದಿಲ್ಲ. "ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಕೊಡಿ" ಎನ್ನುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಫೀಸು ಬಾಕಿ ಇದೆ ಎಂಬ ಕಾರಣಕ್ಕೆ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ.

ಖರ್ಚು ಉಳಿಸುವ ಒಂದು ದಾರಿ ರಾಜಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ವರ್ಷಗಳ ಅಲೆದಾಟ ತಪ್ಪುತ್ತದೆ. ಆದರೆ ಅಲ್ಲಿನ ಆದೇಶದ ಮೇಲೆ ಅಪೀಲು ಇಲ್ಲ. ರಾಜಿಪತ್ರವನ್ನು ಓದಿಸಿ, ಅರ್ಥಮಾಡಿಕೊಂಡೇ ಸಹಿ ಹಾಕಿ.

ದುಡ್ಡಿಲ್ಲವೆಂದು ಮನೆಯಲ್ಲಿ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಉಳಿದ ಬಹುತೇಕರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿ ನಿಮ್ಮ ತಾಲ್ಲೂಕಿನ ಕೋರ್ಟ್ ಆವರಣದಲ್ಲೇ ಇರುತ್ತದೆ. ಕಾಗದಗಳನ್ನು ತೆಗೆದುಕೊಂಡು ಈ ವಾರವೇ ಹೋಗಿ. ಹೋಗಲಾಗದವರು 15100ಕ್ಕೆ ಫೋನ್ ಮಾಡಿ.