ರಾಜ್ಮಾ ಮತ್ತು ಕುದಿಬಿಂದು

ಗೋವೆಯ ಫೆಜೊವಾದ ಎಂಬ ವ್ಯಂಜನವನ್ನು ಕೆಂಪು ರಾಜ್ಮಾ ಕಾಳು ಹಾಗೂ ಖಾರವಾದ ಹಂದಿಮಾಂಸದ ಸಾಸೇಜುಗಳಿಂದ ತಯಾರಿಸುವರು. ಸಣ್ಣ ಉರಿಯಲ್ಲಿ ಬೆಂದಷ್ಟೂ ಇದರ ರುಚಿ ಹೆಚ್ಚುವುದು. ಆದರೆ ಮೊದಲಿನಿಂದಲೂ ಸಣ್ಣ ಉರಿಯೇ ಆದರೆ ಅಪಾಯವುಂಟು. ಏಕೆ? ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ಇದೆ. ನಾಲ್ಕೈದು ಹಸಿ ಕಾಳುಗಳೇ ವಾಂತಿಭೇದಿಗಳನ್ನು ತರಬಲ್ಲವು. 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಳು ಮೆತ್ತಗಾದರೂ ಈ ವಿಷವು ನಾಶವಾಗದು. 100 ಡಿಗ್ರಿಯಲ್ಲಿ ಅದರ ಅಣುರಚನೆ ಬಿಚ್ಚಿ ನಿಷ್ಕ್ರಿಯವಾಗುತ್ತದೆ. ಆದುದರಿಂದ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತನೆ ಕುದಿಸಬೇಕು. ಬಳಿಕ ಉರಿಯನ್ನು ತಗ್ಗಿಸಬಹುದು. ಸಾಸೇಜಿನಲ್ಲಿರುವ ವಿನಿಗರಿನ ಆಮ್ಲವು ಕಾಳು ಮೆದುವಾಗುವುದನ್ನು ತಡೆಯುವುದರಿಂದ, ಅದನ್ನು ಕಾಳು ಬೆಂದ ಮೇಲೆಯೇ ಹಾಕುವುದು ಲೇಸು. ಕಾಳಿನ ಮೆದುತನವೊಂದನ್ನೇ ನೋಡದೆ, ನೀರು ಕುದಿದ ಕಾಲವನ್ನೂ ಗಡಿಯಾರದಿಂದ ಅಳೆಯುವುದನ್ನು ವಾಚಕರು ಮರೆಯದಿರಲಿ.