ನಾಳೆಯ ಸರದಿಯನ್ನು ಇಂದೇ ಮಾರುವುದು: ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳ ಬಿಡುವಿನ ಕಾಲದ ವ್ಯವಹಾರ, ಒಂದು ಅಧ್ಯಯನ

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಘಟನೆಯಾದ ಎನ್.ಬಿ.ಎ.ಯ ಪಂದ್ಯಗಳು ಅಕ್ಟೋಬರ್‌ನಲ್ಲಿ ಆರಂಭವಾಗಿ ಜೂನ್ ತಿಂಗಳಿನಲ್ಲಿ ಮುಗಿಯುತ್ತವೆ. ಆಟ ನಿಂತ ಮೇಲೆ ವ್ಯಾಪಾರ ಮೊದಲಾಗುತ್ತದೆ. ಬೇಸಿಗೆಯ ಆ ಬಿಡುವಿನಲ್ಲಿ 30 ತಂಡಗಳು ಆಟಗಾರರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ, ಕರಾರು ಮುಗಿದವರನ್ನು ಹೊಸದಾಗಿ ಗೊತ್ತುಮಾಡಿಕೊಳ್ಳುತ್ತವೆ, ಇನ್ನೂ ಬಾರದ ವರ್ಷಗಳ ಹಕ್ಕುಗಳನ್ನೂ ಕೊಡು-ಕೊಳ್ಳುವಿಕೆಗೆ ಒಡ್ಡುತ್ತವೆ. ಪ್ರಸ್ತುತ ಲೇಖಕನು ಈ ಆಟವನ್ನು ಆಡಿದವನಲ್ಲ, ಲೆಕ್ಕಪತ್ರಗಳನ್ನು ನೋಡುತ್ತ ಬಂದವನು. ಆ ದೃಷ್ಟಿಯಿಂದ ಹೇಳುವುದಾದರೆ, ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಆಟಕ್ಕಿಂತ ಈ ಬಿಡುವಿನ ಕಾಲವೇ ಹೆಚ್ಚು ಅಧ್ಯಯನಯೋಗ್ಯವಾದುದು. ತಕ್ಕಡಿಯ ಒಂದು ತಟ್ಟೆಯಲ್ಲಿ ಈ ವರ್ಷದ ಸರಕು, ಇನ್ನೊಂದರಲ್ಲಿ ನಾಲ್ಕೈದು ವರ್ಷಗಳ ಅನಂತರ ಸಲ್ಲಬೇಕಾದ ವಾಗ್ದಾನ. ಅಂತಹ ವಾಗ್ದಾನಕ್ಕೆ ಬೆಲೆ ಕಟ್ಟುವಲ್ಲಿ ಬ್ರೂಕ್ಲಿನ್ ನೆಟ್ಸ್ ಎಂಬ ತಂಡವು 2013ರಲ್ಲಿ ಹೇಗೆ ಎಡವಿತು, ಬಾಸ್ಟನ್ ಸೆಲ್ಟಿಕ್ಸ್ ಹೇಗೆ ಲಾಭ ಪಡೆಯಿತು, ಇಬ್ಬರ ಸ್ಥಿತಿಯೂ 2025ರ ವೇಳೆಗೆ ಎಲ್ಲಿಗೆ ಬಂತು ಎಂಬುದು ಇಲ್ಲಿಯ ವಿಷಯ.

ಸರದಿ ಎಂಬ ಸರಕು

ಮೊದಲು ಒಂದು ಪದವನ್ನು ಸ್ಪಷ್ಟಪಡಿಸಬೇಕು. ಈ ವ್ಯವಹಾರದಲ್ಲಿ ಡ್ರಾಫ್ಟ್ ಎಂದರೆ ನಾವು ಬ್ಯಾಂಕಿನಲ್ಲಿ ತೆಗೆಸುವ ಡಿ.ಡಿ. ಅಲ್ಲ. ಕಾಲೇಜುಗಳಿಂದಲೂ ಹೊರದೇಶಗಳಿಂದಲೂ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಗೆ ಆ ಹೆಸರು. ಎರಡು ಸುತ್ತುಗಳಿರುತ್ತವೆ, ಬೆಲೆಯಿರುವುದು ಬಹುಮಟ್ಟಿಗೆ ಮೊದಲ ಸುತ್ತಿಗೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಗಳಿಗೆ ಮುಂದಿನ ಸರದಿ ದೊರೆಯುವ ಸಂಭವ ಹೆಚ್ಚು. ತೀರ ಮುಂದಿನ ಕೆಲವು ಸ್ಥಾನಗಳನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುತ್ತಾರೆ. ನಮ್ಮ ಐ.ಪಿ.ಎಲ್. ಹರಾಜಿನಲ್ಲಿ ಥೈಲಿಯಲ್ಲಿ ಹಣವಿದ್ದವರು ಕೂಗಬಹುದು. ಇಲ್ಲಿ ಹಣವಿದ್ದರೆ ಸಾಲದು, ಸರದಿ ಇರಬೇಕು. ಆದ್ದರಿಂದಲೇ ಸರದಿಯು ಸ್ವತಃ ಒಂದು ಸರಕಾಗಿದೆ. ಇಂತಿಂತಹ ವರ್ಷದ ನಮ್ಮ ಸರದಿ ನಿಮಗೆ ಎಂದು ಒಂದು ತಂಡ ಇನ್ನೊಂದಕ್ಕೆ ಬರೆದುಕೊಡಬಹುದು.

ಇದು ಒಂದು ವಿಚಿತ್ರ ಹುಂಡಿ. ಸಾಧಾರಣ ಹುಂಡಿಯಲ್ಲಿ ಮೊತ್ತ ನಿಗದಿಯಾಗಿರುತ್ತದೆ. ಬರೆದುಕೊಟ್ಟವನು ದಿವಾಳಿಯಾದರೆ ಹಿಡಿದವನಿಗೆ ನಷ್ಟ. ಇಲ್ಲಿ ಅದಕ್ಕೆ ತದ್ವಿರುದ್ಧ. ಬರೆದುಕೊಟ್ಟ ತಂಡ ದುರ್ಬಲವಾದಷ್ಟೂ ಅದರ ಸರದಿ ಮುಂದಕ್ಕೆ ಬರುತ್ತದೆ, ಹಿಡಿದವನ ಕೈಯಲ್ಲಿರುವ ಪತ್ರದ ಬೆಲೆ ಏರುತ್ತದೆ. ಆದುದರಿಂದ ಎಚ್ಚರವುಳ್ಳವರು ಒಂದು ರಕ್ಷಣಾ ಷರತ್ತನ್ನು ಸೇರಿಸುತ್ತಾರೆ: ಸರದಿಯು ಮೊದಲ ಮೂರರಲ್ಲಿ, ಇಲ್ಲವೇ ಮೊದಲ ಹತ್ತರಲ್ಲಿ ಬಂದರೆ ಅದು ನಮ್ಮಲ್ಲೇ ಉಳಿಯತಕ್ಕದ್ದು ಎಂದು. ಷರತ್ತಿಲ್ಲದ ಸರದಿಯು ಮಿತಿಯಿಲ್ಲದ ಹೊಣೆ.

1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಅವರು ಇಂತಹ ಸರದಿಗಳನ್ನು ಒಂದಾದ ಮೇಲೊಂದು ಕೊಟ್ಟುಬಿಟ್ಟದ್ದರಿಂದ, ಸತತ ಎರಡು ಮುಂದಿನ ವರ್ಷಗಳಲ್ಲಿ ತಂಡವು ಮೊದಲ ಸುತ್ತಿನ ಸರದಿಯಿಲ್ಲದೆ ಉಳಿಯಕೂಡದೆಂಬ ನಿಯಮ ಬಂತು. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ. ಒಬ್ಬ ಉದ್ಯಮಿಯ ಹೆಸರು ಈ ರೀತಿ ಉಳಿಯುವುದು ಯಾರಿಗೂ ಬೇಡ.

2013ರ ಒಪ್ಪಂದ

ರಷ್ಯದ ಧನಿಕ ಮಿಖಾಯಿಲ್ ಪ್ರೊಖೊರೋವ್ ಅವರು 2010ರಲ್ಲಿ ನೆಟ್ಸ್ ತಂಡವನ್ನು ಕೊಂಡರು. ಐದು ವರ್ಷಗಳೊಳಗೆ ಪ್ರಶಸ್ತಿ ಗೆಲ್ಲುವುದಾಗಿ ಸಾರಿದರು. 2012ರಲ್ಲಿ ತಂಡವು ನ್ಯೂಜೆರ್ಸಿಯಿಂದ ಬ್ರೂಕ್ಲಿನ್‌ನ ಹೊಸ ಕ್ರೀಡಾಂಗಣಕ್ಕೆ ಬಂತು. ಹೊಸ ಮಳಿಗೆ ತೆರೆದವನಿಗೆ ಮುಂಭಾಗದಲ್ಲಿ ಜೋಡಿಸಿಡಲು ಹೆಸರುವಾಸಿ ಮಾಲು ಬೇಕಾಗುತ್ತದೆ. 2013ರ ಜೂನ್‌ನಲ್ಲಿ ಮಾತುಕತೆಯಾಗಿ ಜುಲೈಯಲ್ಲಿ ಅಂತಿಮಗೊಂಡ ಒಪ್ಪಂದದಂತೆ ಬಾಸ್ಟನ್‌ನಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಮತ್ತು ಜೇಸನ್ ಟೆರಿ ಬ್ರೂಕ್ಲಿನ್‌ಗೆ ಬಂದರು. ಆಗ ಗಾರ್ನೆಟ್ ಅವರಿಗೆ 37 ವರ್ಷ, ಉಳಿದಿಬ್ಬರಿಗೆ 35. ಪ್ರತಿಯಾಗಿ ಬಾಸ್ಟನ್ನಿಗೆ ಸಂದದ್ದು ಐವರು ಆಟಗಾರರು, 2014, 2016 ಮತ್ತು 2018ರ ಮೊದಲ ಸುತ್ತಿನ ಸರದಿಗಳು, ಹಾಗೂ 2017ರಲ್ಲಿ ಬೇಕೆನಿಸಿದರೆ ಸರದಿಯನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು. ವರ್ಷ ಬಿಟ್ಟು ವರ್ಷದ ಲೆಕ್ಕವನ್ನು ಗಮನಿಸಬೇಕು: ಸ್ಟೆಪಿಯನ್ ನಿಯಮದ ಅಕ್ಷರ ಪಾಲನೆಯಾಗಿದೆ. ನಡುವಿನ ವರ್ಷವನ್ನೂ ಅದಲುಬದಲಿನ ಮೂಲಕ ಒಪ್ಪಿಸಿಕೊಟ್ಟದ್ದರಿಂದ ಅದರ ಆಶಯ ಮಾತ್ರ ಉಳಿಯಲಿಲ್ಲ.

ಬಾಸ್ಟನ್ನಿಗೆ ಇದು ಪುಕ್ಕಟೆಯಾಗಿ ದೊರೆಯಲಿಲ್ಲ. ಬಂದ ಐವರಲ್ಲಿ ಜೆರಾಲ್ಡ್ ವ್ಯಾಲೆಸ್ ಅವರ ಕರಾರಿನಲ್ಲಿ ಇನ್ನೂ ಮೂರು ವರ್ಷ, ಸುಮಾರು 3 ಕೋಟಿ ಡಾಲರ್ ಬಾಕಿಯಿತ್ತು. ಬೇರಾರೂ ಬಯಸದ ಆ ಭಾರವನ್ನು ಹೊರಲು ಒಪ್ಪಿದ್ದೂ ಬೆಲೆಯ ಒಂದು ಭಾಗ. ಜನಪ್ರಿಯರಾದ ಹಿರಿಯರನ್ನು ಕಳುಹಿಸಿದ ತಂಡ ಆ ಋತುವಿನಲ್ಲಿ 25 ಪಂದ್ಯ ಗೆದ್ದು 57 ಸೋತಿತು. ಇಷ್ಟನ್ನು ಸಹಿಸುವ ಮನಸ್ಸು ಮಾಲೀಕರಿಗೆ ಇರದಿದ್ದರೆ ಮುಂದಿನದಾವುದೂ ನಡೆಯುತ್ತಿರಲಿಲ್ಲ.

ಬ್ರೂಕ್ಲಿನ್‌ನಲ್ಲಿ ಆದದ್ದೇನು? 2013-14ರಲ್ಲಿ 44 ಜಯ, 38 ಸೋಲು. ಎರಡನೆಯ ಸುತ್ತಿನಲ್ಲಿ ಮಯಾಮಿ ತಂಡದ ಎದುರು ನಿರ್ಗಮನ. ತಂಡದ ಮಧ್ಯಸ್ತಂಭವಾಗಿದ್ದ ಬ್ರೂಕ್ ಲೋಪೆಜ್ ಪಾದದ ಗಾಯದಿಂದ 17 ಪಂದ್ಯಗಳಿಗೇ ನಿಂತರು. ಒಟ್ಟು ವೇತನ ಮಿತಿ ಮೀರಿದ್ದಕ್ಕೆ ಕಟ್ಟಬೇಕಾದ ತೆರಿಗೆಯೊಂದೇ 9 ಕೋಟಿ ಡಾಲರ್ ದಾಟಿತು. ಒಂದೇ ವರ್ಷದಲ್ಲಿ ಪಿಯರ್ಸ್ ವಾಷಿಂಗ್ಟನ್‌ಗೆ ಹೊರಟುಹೋದರು; 2015ರ ಫೆಬ್ರವರಿಯಲ್ಲಿ ಗಾರ್ನೆಟ್ ಮಿನೆಸೋಟಕ್ಕೆ ಹೋದರು. ಕೊಂಡ ಸರಕು ತೀರಿತು, ಬರೆದುಕೊಟ್ಟ ಪತ್ರಗಳು ಉಳಿದವು.

ಆ ಪತ್ರಗಳ ಗತಿ ಹೀಗಾಯಿತು. 2014ರದು 17ನೆಯ ಸರದಿಯಾಗಿ ಬಂತು. ಅದರಲ್ಲಿ ಆರಿಸಿದ ಆಟಗಾರ ನೆಲೆ ನಿಲ್ಲಲಿಲ್ಲ. ಆ ಹಂತದಲ್ಲಿ ಲೆಕ್ಕ ಮುಗಿಸಿದ್ದರೆ ಬ್ರೂಕ್ಲಿನ್ನಿನದೇ ಮೇಲುಗೈ ಎನ್ನಬಹುದಿತ್ತು. ಆದರೆ 2015-16ರಲ್ಲಿ ಬ್ರೂಕ್ಲಿನ್ 21 ಪಂದ್ಯ ಮಾತ್ರ ಗೆದ್ದಿತು. ಸರದಿ ಮೂರನೆಯದಾಗಿ ಬಂತು. ಬಾಸ್ಟನ್ ಜೇಲನ್ ಬ್ರೌನ್ ಅವರನ್ನು ಪಡೆಯಿತು. 2016-17ರಲ್ಲಿ 20 ಜಯ, ಇಡೀ ಸಂಘಟನೆಯಲ್ಲಿ ಕೊನೆಯ ಸ್ಥಾನ, ಸರದಿ ಮೊದಲನೆಯದು. ಅದೇ ಋತುವಿನಲ್ಲಿ 53 ಪಂದ್ಯ ಗೆದ್ದು ಪೂರ್ವ ವಿಭಾಗದ ಅಗ್ರಸ್ಥಾನದಲ್ಲಿದ್ದ ಬಾಸ್ಟನ್ನಿಗೆ ಅದು ಸಂದು, ಸೋತವರಿಗೆ ದೊರೆತದ್ದು 27ನೆಯದು. ಬಾಸ್ಟನ್ನಿನ ವ್ಯವಸ್ಥಾಪಕ ಡ್ಯಾನಿ ಏಂಜ್ ಅವರು ಮೊದಲ ಸರದಿಯನ್ನೂ ಇಟ್ಟುಕೊಳ್ಳದೆ ಫಿಲಡೆಲ್ಫಿಯಾಕ್ಕೆ ಕೊಟ್ಟು, ಮೂರನೆಯದನ್ನೂ ಮುಂದಿನ ವರ್ಷಗಳ ಇನ್ನೊಂದು ಸರದಿಯನ್ನೂ ಪಡೆದರು. ಮೂರನೆಯದರಲ್ಲಿ ಬಂದವರು ಜೇಸನ್ ಟೇಟಮ್. 2018ರ ಸರದಿಯನ್ನು ಕೈರಿ ಇರ್ವಿಂಗ್ ಅವರನ್ನು ತರಲು ಬಳಸಿದರು. ಅವರು ಎರಡೇ ವರ್ಷ ನಿಂತು, ಸೋಜಿಗವೆಂಬಂತೆ, ಬ್ರೂಕ್ಲಿನ್ನಿಗೇ ಹೋದರು. ನಾಲ್ಕರಲ್ಲಿ ಎರಡು ಮಾತ್ರ ಫಲಿಸಿದವು. ಆ ಎರಡರ ಬಲದಿಂದ 2024ರ ಜೂನ್‌ನಲ್ಲಿ ಬಾಸ್ಟನ್ ತನ್ನ 18ನೆಯ ಪ್ರಶಸ್ತಿಯನ್ನು ಗೆದ್ದಿತು.

ತಪ್ಪು ಎಲ್ಲಿ?

ಹಿರಿಯರನ್ನು ಕೊಂಡದ್ದೇ ತಪ್ಪೆಂದು ಹೇಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಅದು ಪೂರ್ತಿ ಸರಿಯಲ್ಲ. ಏಕೆಂದರೆ ಇದೇ ಗಾರ್ನೆಟ್ ಅವರನ್ನು 2007ರ ಬೇಸಿಗೆಯಲ್ಲಿ ಬಾಸ್ಟನ್ ತಾನೇ ಐವರು ಆಟಗಾರರನ್ನೂ ಎರಡು ಮೊದಲ ಸುತ್ತಿನ ಸರದಿಗಳನ್ನೂ ಕೊಟ್ಟು ಮಿನೆಸೋಟದಿಂದ ತಂದಿತ್ತು. ಹಿಂದಿನ ಋತುವಿನಲ್ಲಿ 24 ಪಂದ್ಯ ಗೆದ್ದಿದ್ದ ತಂಡ ಮುಂದಿನ ಋತುವಿನಲ್ಲಿ 66 ಗೆದ್ದು 2008ರ ಪ್ರಶಸ್ತಿಯನ್ನೂ ಪಡೆಯಿತು. ಆಗ ಗಾರ್ನೆಟ್ ಅವರಿಗೆ 31 ವರ್ಷ. ಕೊಟ್ಟದ್ದರಲ್ಲಿ ಹೆಚ್ಚಿನದು ಕಣ್ಣೆದುರಿಗಿದ್ದ ಆಟಗಾರರು, ಅಂದರೆ ಅಳತೆಗೆ ಸಿಕ್ಕುವ ಬೆಲೆ.

2013ರಲ್ಲಿ ಬ್ರೂಕ್ಲಿನ್ ಮಾಡಿದ್ದು ಬೇರೆ ಬಗೆಯ ವ್ಯವಹಾರ. ಕೊಂಡ ಸರಕಿನ ಆಯುಷ್ಯ ಒಂದೆರಡು ವರ್ಷ, ಹೊಣೆಯ ಆಯುಷ್ಯ ಐದು ವರ್ಷ. ಅದಕ್ಕಿಂತ ಮುಖ್ಯವಾಗಿ, ಸರಕು ಕೆಟ್ಟರೆ ಹೊಣೆಯೂ ಬೆಳೆಯುವಂತೆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡರು. ಹಳೆಯ ಯಂತ್ರವೊಂದನ್ನು ಕೊಂಡು, ಅದು ಎಷ್ಟು ಬಾರಿ ಕೆಟ್ಟು ನಿಲ್ಲುತ್ತದೋ ಅಷ್ಟು ಹೆಚ್ಚು ಕಂತು ಕಟ್ಟುತ್ತೇನೆಂದು ಮಾರಿದವನಿಗೆ ಬರೆದುಕೊಟ್ಟಂತಾಯಿತು. ಯಾವ ಸಣ್ಣ ಕೈಗಾರಿಕೆಯವರೂ ಇಂತಹ ಕಾಗದಕ್ಕೆ ತಿಳಿದು ಸಹಿ ಹಾಕುವುದಿಲ್ಲ. ಆದರೆ ತಿಳಿಯದೆ ಹಾಕುವ ಸಂದರ್ಭಗಳು ನಮ್ಮಲ್ಲೂ ಇವೆ. ಒಬ್ಬನೇ ದೊಡ್ಡ ಗಿರಾಕಿಯ ಆದೇಶವನ್ನು ನೆಚ್ಚಿ ಹೊಸ ಷೆಡ್ಡಿಗೆ ಸಾಲ ಪಡೆದು, ಆ ಸಾಲಕ್ಕೆ ವಾಸದ ಮನೆಯನ್ನೇ ಆಧಾರವಿಡುವುದು ಇದೇ ಜಾತಿಯದು: ಆದೇಶ ನಿಂತ ದಿನವೇ ಕಂತು ತೀರಿಸುವ ಶಕ್ತಿ ಕುಂದುತ್ತದೆ, ಅಂದೇ ಆಧಾರಕ್ಕೂ ಕುತ್ತು. ಎರಡು ಅಪಾಯಗಳು ಬೇರೆ ಬೇರೆ ಬಾಗಿಲಿನಿಂದ ಬಂದರೆ ತಾಳಿಕೊಳ್ಳಬಹುದು. ಇಲ್ಲಿ ಎರಡೂ ಒಟ್ಟಿಗೆ ಒಳಬರುತ್ತವೆ. ಕೊನೆಯ ಷರತ್ತಾಗಿ "ಮೊದಲ ಹತ್ತರಲ್ಲಿ ಬಂದರೆ ನಮ್ಮದೇ" ಎಂದು ಬ್ರೂಕ್ಲಿನ್ ಒಂದು ಸಾಲು ಬರೆಸಿದ್ದರೆ, ಗಾರ್ನೆಟ್ ಅವರ ವಯಸ್ಸು ಅಷ್ಟು ದುಬಾರಿಯಾಗುತ್ತಿರಲಿಲ್ಲ.

ಖಾಲಿ ಜಾಗದ ಬಾಡಿಗೆ

2016ರ ಫೆಬ್ರವರಿಯಲ್ಲಿ ಶಾನ್ ಮಾರ್ಕ್ಸ್ ಅವರು ಬ್ರೂಕ್ಲಿನ್ನಿನ ವ್ಯವಸ್ಥಾಪಕರಾದಾಗ ಒಳ್ಳೆಯ ಆಟಗಾರರೂ ಇರಲಿಲ್ಲ, ಸ್ವಂತ ಸರದಿಗಳೂ ಇರಲಿಲ್ಲ. ಇದ್ದದ್ದು ವೇತನ ಮಿತಿಯೊಳಗಿನ ಖಾಲಿ ಜಾಗ ಮಾತ್ರ. ಅವರು ಅದನ್ನೇ ಬಾಡಿಗೆಗೆ ಕೊಟ್ಟರು. ಇತರ ತಂಡಗಳಿಗೆ ಹೊರೆಯಾಗಿದ್ದ ದೊಡ್ಡ ವೇತನದ ಆಟಗಾರರನ್ನು ಒಪ್ಪಿಕೊಂಡು, ಆ ಉಪಕಾರಕ್ಕೆ ಬೆಲೆಯಾಗಿ ಯುವ ಆಟಗಾರರನ್ನೂ ಸರದಿಗಳನ್ನೂ ಪಡೆದರು. 2017ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಟಿಮೊಫೆ ಮೊಜ್ಗೋವ್ ಅವರ ಭಾರೀ ಕರಾರನ್ನು ಹೊತ್ತದ್ದರಿಂದ ಡಿ'ಆಂಜಲೊ ರಸೆಲ್ ಜೊತೆಗೆ ಬಂದರು. 2019ರಲ್ಲಿ ತಂಡ 42 ಪಂದ್ಯ ಗೆದ್ದಿತು. ಉಗ್ರಾಣ ಬರಿದಾದ ವರ್ತಕನು ಉಗ್ರಾಣವನ್ನೇ ಬಾಡಿಗೆಗೆ ಬಿಟ್ಟು ಮೇಲೆದ್ದ ಈ ಭಾಗವೇ ನನಗೆ ಇಡೀ ವೃತ್ತಾಂತದಲ್ಲಿ ಹೆಚ್ಚು ಮೆಚ್ಚಿಗೆಯಾದುದು.

ಖೇದವೆಂದರೆ, ಸುಧಾರಿಸಿಕೊಂಡ ತಂಡ ಮತ್ತೆ ಹಳೆಯ ದಾರಿಗೇ ಇಳಿಯಿತು. 2019ರಲ್ಲಿ ಕೆವಿನ್ ಡ್ಯುರಾಂಟ್ ಮತ್ತು ಇರ್ವಿಂಗ್ ಬಂದರು. 2021ರ ಜನವರಿಯಲ್ಲಿ, ಬಿಡುವಿಗೂ ಕಾಯದೆ, ಜೇಮ್ಸ್ ಹಾರ್ಡನ್ ಅವರಿಗಾಗಿ ಹ್ಯೂಸ್ಟನ್ನಿಗೆ 2022, 2024 ಮತ್ತು 2026ರ ಸರದಿಗಳನ್ನೂ ನಡುವಿನ ವರ್ಷಗಳ ಅದಲುಬದಲಿನ ಹಕ್ಕುಗಳನ್ನೂ ಬರೆದುಕೊಟ್ಟರು. ಮೂವರೂ ಒಟ್ಟಾಗಿ ಆಡಿದ್ದು ಲೀಗ್ ಹಂತದ 16 ಪಂದ್ಯಗಳಲ್ಲಿ ಮಾತ್ರ. 2023ರ ಫೆಬ್ರವರಿ ವೇಳೆಗೆ ಮೂವರೂ ಹೊರಟುಹೋಗಿದ್ದರು. 2024ರ ಬೇಸಿಗೆಯಲ್ಲಿ ಬ್ರೂಕ್ಲಿನ್, ಫೀನಿಕ್ಸ್ ತಂಡದಿಂದ ತನಗೆ ಬಂದಿದ್ದ ಸರದಿಗಳನ್ನು ಹ್ಯೂಸ್ಟನ್ನಿಗೆ ತೆತ್ತು, ತನ್ನದೇ 2025 ಮತ್ತು 2026ರ ಸರದಿಗಳನ್ನು ಬಿಡಿಸಿಕೊಂಡಿತು. ಒತ್ತೆಯಿಟ್ಟ ಒಡವೆಯನ್ನು ಬೇರೆ ಒಡವೆ ಕೊಟ್ಟು ಬಿಡಿಸಿಕೊಳ್ಳುವುದು ನಮ್ಮವರಿಗೆ ಅಪರಿಚಿತವೇನಲ್ಲ.

ಅದೇ ವೇಳೆಗೆ 27 ವರ್ಷದ ಮಿಕಾಲ್ ಬ್ರಿಜಸ್ ಅವರನ್ನು ನೆರೆಯ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಕೊಟ್ಟು ಐದು ಮೊದಲ ಸುತ್ತಿನ ಸರದಿಗಳನ್ನು ಪಡೆಯಿತು. ಅವುಗಳಲ್ಲಿ ನಿಕ್ಸ್ ತಂಡದ 2025, 2027, 2029 ಮತ್ತು 2031ರವು ಯಾವ ರಕ್ಷಣಾ ಷರತ್ತೂ ಇಲ್ಲದವು. ವರ್ಷ ಬಿಟ್ಟು ವರ್ಷದ ಆ ಸರಣಿಯನ್ನು ಓದುಗರು ಗುರುತಿಸಿರಬಹುದು; ಈ ಬಾರಿ ಬ್ರೂಕ್ಲಿನ್ ಪತ್ರ ಬರೆದವರ ಸ್ಥಾನದಲ್ಲಿರಲಿಲ್ಲ, ಹಿಡಿದವರ ಸ್ಥಾನದಲ್ಲಿತ್ತು. ನಿಕ್ಸ್ 2025ರಲ್ಲಿ ಪೂರ್ವ ವಿಭಾಗದ ಅಂತಿಮ ಹಂತವನ್ನು, 2000ದ ಅನಂತರ ಮೊದಲ ಸಲ, ತಲುಪಿದ್ದರಿಂದ ಅವರದು ದುಡುಕೆಂದು ಈಗಲೇ ಹೇಳಲಾಗದು. 2031ರ ಪತ್ರದ ಬೆಲೆ ಅಂದಿನ ನಿಕ್ಸ್ ತಂಡದ ಆರೋಗ್ಯವನ್ನು ಅವಲಂಬಿಸಿದೆ.

ಗೆದ್ದವರ ಖರ್ಚು

ಲಾಭ ಪಡೆದ ಬಾಸ್ಟನ್ನಿನ ಮುಂದಿನ ದಿನಗಳೂ ಸುಗಮವಾಗಲಿಲ್ಲ. ಟೇಟಮ್ ಅವರೊಂದಿಗೆ 2024ರಲ್ಲಿ ಆದ ಕರಾರು ಐದು ವರ್ಷಕ್ಕೆ 31.4 ಕೋಟಿ ಡಾಲರ್. 2023ರ ಒಡಂಬಡಿಕೆಯಂತೆ ವೇತನಕ್ಕೆ ಎರಡು ಮೇಲ್ಗಡಿಗಳು ಬಂದಿವೆ. 2025-26ಕ್ಕೆ ಎರಡನೆಯದು ಸುಮಾರು 20.78 ಕೋಟಿ ಡಾಲರ್. ಅದನ್ನು ಮೀರಿದವರು ಹೆಚ್ಚಿನ ತೆರಿಗೆ ಕಟ್ಟುವುದಷ್ಟೇ ಅಲ್ಲ, ಇಬ್ಬರ ವೇತನ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ಏಳು ವರ್ಷ ಮುಂದಿನ ಸರದಿಯನ್ನು ಮಾರುವಂತಿಲ್ಲ. ದಂಡಕ್ಕಿಂತ ಕೈಕಟ್ಟುವಿಕೆಯೇ ಕಠಿಣ. 2002ರಲ್ಲಿ 36 ಕೋಟಿ ಡಾಲರಿಗೆ ಕೊಂಡಿದ್ದ ತಂಡವನ್ನು ಹಳೆಯ ಮಾಲೀಕರು 2025ರಲ್ಲಿ 610 ಕೋಟಿ ಡಾಲರ್ ಬೆಲೆಯಲ್ಲಿ ಮಾರಲು ಒಪ್ಪಿದ್ದರು. ಮೇ ತಿಂಗಳಿನಲ್ಲಿ ಟೇಟಮ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಇದ್ದವರನ್ನೆಲ್ಲ ಇಟ್ಟುಕೊಂಡಿದ್ದರೆ ವೇತನ, ತೆರಿಗೆ ಸೇರಿ 50 ಕೋಟಿ ಡಾಲರ್ ಸಮೀಪಿಸುವ ಅಂದಾಜಿತ್ತು.

ಆ ಬೇಸಿಗೆಯಲ್ಲಿ ಬಾಸ್ಟನ್ ಕಡಿತಕ್ಕೆ ಕೈಹಾಕಿತು. 35 ವರ್ಷದ, ಇನ್ನೂ 10 ಕೋಟಿ ಡಾಲರಿಗೂ ಮೀರಿದ ಬಾಕಿ ಕರಾರಿದ್ದ ಜ್ರೂ ಹಾಲಿಡೆ ಅವರನ್ನು ಪೋರ್ಟ್‌ಲ್ಯಾಂಡ್‌ಗೆ ಕಳುಹಿಸಿ, ಒಂದೇ ವರ್ಷದ ಕರಾರು ಉಳಿದಿದ್ದ 26ರ ಆನ್‌ಫರ್ನಿ ಸೈಮನ್ಸ್ ಅವರನ್ನು ಪಡೆಯಿತು. ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅವರನ್ನು ಅಟ್ಲಾಂಟಕ್ಕೆ ಕೊಟ್ಟಿತು. ಈ ಎರಡನೆಯ ಒಪ್ಪಂದ ಕೂಡಿಬರಲು ವೇತನ ಹೊರುವ ಮೂರನೆಯ ತಂಡವೊಂದು ಬೇಕಾಯಿತು. ಖಾಲಿ ಜಾಗವಿದ್ದದ್ದು ಬ್ರೂಕ್ಲಿನ್ನಿನಲ್ಲಿ. ಅಟ್ಲಾಂಟದ ಟೆರೆನ್ಸ್ ಮ್ಯಾನ್ ಅವರ ಮೂರು ವರ್ಷದ ಕರಾರನ್ನು ಅದು ವಹಿಸಿಕೊಂಡಿತು, ಬಾಡಿಗೆಯಾಗಿ 22ನೆಯ ಸರದಿಯನ್ನು ಪಡೆಯಿತು, ಮತ್ತು 2025ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಐವರು ಹೊಸಬರನ್ನು ಆರಿಸಿಕೊಂಡಿತು.