ಲೇಥ್ ಮುಂದೆ ನಿಲ್ಲುವ ಅಂಗಿ

ನನ್ನ ಮನೆ ಬೆಳಗಾವಿಯ ಕ್ಯಾಂಪಿನಲ್ಲಿ, ದುಡಿಮೆ ಉದ್ಯಮಬಾಗದಲ್ಲಿ. ಎರಕ ಹೊಯ್ಯುವ ಫೌಂಡ್ರಿ, ಆ ಎರಕವನ್ನು ಕೊರೆದು ಅಳತೆಗೆ ತರುವ ಮಷಿನ್ ಶಾಪ್, ಎರಡರಲ್ಲೂ ವರ್ಷಗಳು ಕಳೆದಿವೆ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ಮಕ್ಕಳು ಮೊದಲ ದಿನ ಕೇಳುವುದು ಒಂದೇ: “ಸರ್, ನಾಳೆ ಏನ್ ಹಾಕ್ಕೊಂಡ್ ಬರ್ಲಿ?” ಅವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಯಂತ್ರ ನೋಡಿ, ಆಮೇಲೆ ಅಂಗಿ ಆರಿಸಿ.
ಲೇಥಿನ ಚಕ್ ತಿರುಗುವಾಗ ಸಡಿಲವಾದದ್ದೆಲ್ಲ ಅದರ ಪಾಲು. ಉದ್ದ ತೋಳು, ಉಂಗುರ, ಮುಂಗೈಗೆ ಕಟ್ಟಿದ ದಾರ, ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಪಟ್ಟಿ ಯಾವುದೂ ಬೇಡ. ಚೀಟಿಯನ್ನು ಜೇಬಿಗೆ ಸಿಕ್ಕಿಸಿಕೊಳ್ಳಿ. ಕೈಗವಸು ಹಾಕಿಕೊಂಡರೆ ಕ್ಷೇಮ ಎಂದು ಹೊಸಬರು ನಂಬಿರುತ್ತಾರೆ. ಎರಕ ಎತ್ತುವಾಗ ಅದು ನಿಜ, ತಿರುಗುವ ಡ್ರಿಲ್ಲಿನ ಹತ್ತಿರ ಅದೇ ಅಪಾಯ: ಗವಸಿನ ತುದಿ ಸಿಕ್ಕರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಚಲಿಸುವ ಯಂತ್ರಭಾಗಗಳ ಬಳಿ ಕೆಲಸ ಮಾಡುವವನಿಗೆ ಮೈಗೆ ಬಿಗಿಯಾದ ಉಡುಪನ್ನು ಮಾಲೀಕನೇ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮೇ ಹೇಳಿತ್ತು.

2. ಭಟ್ಟಿಯ ಮುಂದೆ ಹತ್ತಿಬಟ್ಟೆ.
ಇದನ್ನು ಎಷ್ಟು ಹೇಳಿದರೂ ನನಗೆ ಸಾಲದು. ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವಾಗ ಅದರ ಬಿಸಿ ಸುಮಾರು 1400 ಡಿಗ್ರಿ ಸೆಲ್ಸಿಯಸ್. ಪಾಲಿಯೆಸ್ಟರ್ ಸುಮಾರು 250ಕ್ಕೇ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಸುಡುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಕೊಡವಲು, ಅಂಗಿ ಕಿತ್ತೆಸೆಯಲು ಒಂದು ಕ್ಷಣ ಸಿಗುತ್ತದೆ. ಅಂಗಡಿಯವನು “ಪೂರಾ ಕಾಟನ್” ಎಂದರೆ ಒಳಹೊಲಿಗೆಯ ಅಂಚಿನಿಂದ ಬಟ್ಟೆಯ ಒಂದೆಳೆ ಬಿಡಿಸಿ ಕಡ್ಡಿ ಗೀರಿ ನೋಡಿ. ಬೂದಿಯಾಗಿ ಉದುರಿದರೆ ಹತ್ತಿ, ಗಟ್ಟಿ ಮಣಿಯಾಗಿ ಮುದುಡಿದರೆ ಪಾಲಿಯೆಸ್ಟರ್ ಬೆರೆತಿದೆ.

ಬರೀ ಬಟ್ಟೆ ನೋಡಿದರೆ ಮುಗಿಯಲಿಲ್ಲ, ಹೊಲಿಗೆಯೂ ಮುಖ್ಯ. ಪ್ಯಾಂಟಿನ ತುದಿ ಮಡಚಬೇಡಿ, ಸಿಡಿದ ಲೋಹ ಆ ಮಡಿಕೆಯಲ್ಲೇ ಕೂರುತ್ತದೆ. ಬಾಯಿ ತೆರೆದ ಜೇಬೂ ಹಾಗೆಯೇ, ಅದಕ್ಕೊಂದು ಮುಚ್ಚಳ ಹೊಲಿಸಿ. ಪ್ಯಾಂಟನ್ನು ಬೂಟಿನೊಳಗೆ ತುರುಕದೆ ಬೂಟಿನ ಮೇಲೆ ಇಳಿಬಿಡಿ. ಬೂಟಿಗೆ ಲೇಸು ಇರದಿದ್ದರೆ ಒಳ್ಳೆಯದು: ಕಾಲಿಗೆ ಕಿಡಿ ಬಿದ್ದವನಿಗೆ ಗಂಟು ಬಿಚ್ಚುತ್ತ ಕೂರಲು ಪುರಸೊತ್ತು ಎಲ್ಲಿದೆ?

3. ಮಳೆಗಾಲಕ್ಕೆ ಇನ್ನೊಂದು ಜೊತೆ.
ಖಾನಾಪುರ ಇಲ್ಲಿಂದ ಸುಮಾರು 25 ಕಿ.ಮೀ. ಅಲ್ಲಿಂದ ಬೈಕಿನಲ್ಲಿ ಬರುವ ಹುಡುಗರು ಜುಲೈ ತಿಂಗಳಿಡೀ ತೊಯ್ದೇ ಬರುತ್ತಾರೆ. ಆ ಮಳೆ ರೇನ್‌ಕೋಟಿಗೆ ಬಗ್ಗುವಂಥದ್ದಲ್ಲ. ತೊಯ್ದ ಗವಸಿನಲ್ಲಿ ವೆಲ್ಡಿಂಗ್ ಹಿಡಿದರೆ ಶಾಕ್ ಹೊಡೆಯುತ್ತದೆ. ತೊಯ್ದ ಬಟ್ಟೆಯಲ್ಲಿ ಭಟ್ಟಿಯ ಮುಂದೆ ನಿಂತರೆ ನೀರು ಹಬೆಯಾಗಿ ಮೈ ಸುಡುತ್ತದೆ. ಒಣಗಿದ ಅಂಗಿ, ಪ್ಯಾಂಟು, ಸಾಕ್ಸು, ಬೂಟು ಕಾರ್ಖಾನೆಯ ಲಾಕರಿನಲ್ಲೇ ಇರಲಿ. ಬಟ್ಟೆ ಬದಲಿಸಲು ಹಿಡಿಯುವ ಹತ್ತು ನಿಮಿಷಕ್ಕೆ ಸಂಬಳ ಕತ್ತರಿಸುವುದು ತಪ್ಪು.

4. ಕ್ಯಾಂಪಿನ ಪಾಠ.
ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು ನಮ್ಮದು. ಪರೇಡಿಗೆ ಒಂದು ಉಡುಪು, ಓಟಕ್ಕೆ ಒಂದು, ಮೈಮುರಿದು ಮಾಡುವ ಕೆಲಸಕ್ಕೆ ಇನ್ನೊಂದು ಎಂಬುದನ್ನು ಕ್ಯಾಂಪಿನ ಮಕ್ಕಳು ನೋಡುತ್ತಲೇ ಬೆಳೆಯುತ್ತಾರೆ. ಇಂಜಿನಿಯರಿಗೂ ಅದೇ ಸರಿ. ಪುಣೆಯಿಂದ ಗಿರಾಕಿ ಬಂದ ದಿನ ಇಸ್ತ್ರಿಯ ಅಂಗಿ ತೊಡಿ. ಅವರನ್ನು ಶಾಪಿನೊಳಗೆ ಕರೆದೊಯ್ಯುವ ಮುನ್ನ ಬೂಟು, ಕನ್ನಡಕ, ಟೋಪಿ ನೀವೂ ಹಾಕಿ, ಅವರಿಗೂ ಹಾಕಿಸಿ. ಟೈ ಕಟ್ಟಿಕೊಂಡು ಸ್ಪಿಂಡಲ್ ಮೇಲೆ ಬಗ್ಗುವ ಮ್ಯಾನೇಜರನನ್ನು ಹೆಲ್ಪರ್ ಕೂಡ ತಡೆಯಬಹುದು. ತಡೆದವನಿಗೆ ಬೈಯಬಾರದು.

5. ಹೆಣ್ಣುಮಕ್ಕಳ ಉಡುಪಿಗೂ ಅಳತೆ ಇದೆ.
ಫೌಂಡ್ರಿಯಲ್ಲಿ ಕೋರ್, ಅಂದರೆ ಎರಕದೊಳಗೆ ಟೊಳ್ಳು ಬಿಡಲು ಇಡುವ ಉಸುಕಿನ ಅಚ್ಚು, ಮಾಡುವ ಹೆಂಗಸರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಡುತ್ತಾರೆ. ಒಬ್ಬ ಹಿರಿಯಾಕೆ ನನಗೆ ಕಾರಣ ಹೇಳಿದರು: “ಸೆರಗ ಒಳಗ ಕೂಡತೈತ್ರಿ, ಕೈಗೆ ಉಸುಕ ಹತ್ತೂದಿಲ್ರಿ.” ಯಾವ ಸೇಫ್ಟಿ ಆಫೀಸರೂ ಕಲಿಸದೆ ಅವರೇ ಕಂಡುಕೊಂಡ ಈ ಉಪಾಯವನ್ನು ನಾನು ಗೌರವಿಸುತ್ತೇನೆ. ಆದರೆ ಲೋಹ ಹೊಯ್ಯುವ ಜಾಗಕ್ಕೆ ಅದು ಸಾಲದು, ಅಲ್ಲಿ ಸೀರೆ ಬೇಡವೇ ಬೇಡ. ಮಷಿನ್ ಶಾಪಿಗೆ ಬರುವ ಹುಡುಗಿಯರು ಓಢಣಿಯನ್ನು ಲಾಕರಿನಲ್ಲಿಟ್ಟು, ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಬೇಕು.

ಬೂಟಿನ ವಿಷಯದಲ್ಲಿ ತಪ್ಪು ನಮ್ಮದು. ಗಂಡಸರ ಅಳತೆಯ ಬೂಟು ತಂದು ರಾಶಿ ಹಾಕುತ್ತೇವೆ, ಅವರು ಮುಂದೆ ಬಟ್ಟೆ ತುರುಕಿ ಎಡವುತ್ತ ನಡೆಯುತ್ತಾರೆ, ಕೊನೆಗೆ ಚಪ್ಪಲಿಗೇ ಮರಳುತ್ತಾರೆ. ಸಣ್ಣ ಅಳತೆಯ ಸೇಫ್ಟಿ ಶೂ ಮಾರುಕಟ್ಟೆಯಲ್ಲಿ ಸಿಗುತ್ತದೆ, ಆರ್ಡರ್ ಹಾಕಬೇಕಷ್ಟೆ. ಕಾರ್ಖಾನೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು: ಈ ಮಳೆಗಾಲದೊಳಗೆ ಗುತ್ತಿಗೆಯವರನ್ನೂ ಸೇರಿಸಿ ಪ್ರತಿಯೊಬ್ಬರ ಕಾಲಿನ ಅಳತೆ ತೆಗೆದುಕೊಳ್ಳಿ, ಆಮೇಲೆ ಬೂಟು ತರಿಸಿ.